ಕಾಗದದ ಮೇಲಿನ ಪುಟ್ಟ ಮರ



ಈ ಸಲ ಮುಂದಕ್ಕೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಕೈಗೆ ಸಿಗುವ ನೋಟ್‌ಬುಕ್ಕನ್ನೋ, ಹಣ್ಣಿನ ರಸದ ಪೊಟ್ಟಣವನ್ನೋ, ಟಿಶ್ಯೂ ಪೇಪರಿನ ಡಬ್ಬಿಯನ್ನೋ ತಿರುಗಿಸಿ ನೋಡಿ. ಎಲ್ಲೋ ಒಂದು ಮೂಲೆಯಲ್ಲಿ ಪುಟ್ಟ ಮರದ ಚಿತ್ರವಿರಬಹುದು. ಮೇಷ್ಟ್ರು ಉತ್ತರ ಪತ್ರಿಕೆಯಲ್ಲಿ ಹಾಕುವ 'ಸರಿ' ಗುರುತೇ ಬೆಳೆದು ಮರವಾದ ಹಾಗೆ ಕಾಣುತ್ತದೆ. ಕೆಳಗೆ ಎಫ್.ಎಸ್.ಸಿ. ಎಂಬ ಮೂರು ಅಕ್ಷರ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬಿದ್ದರೂ ನಾವು ಓದದೆ ಬಿಡುವ ಗುರುತು ಅದು.

ಹೋದ ತಿಂಗಳು ನಮ್ಮ ಸಂಘದ ಯುವ ವಿಭಾಗದ ಸಭೆಯಲ್ಲಿ ಈ ಗುರುತಿನ ಮೇಲೆ ಸಣ್ಣ ಜಟಾಪಟಿಯೇ ನಡೆಯಿತು. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯನ್ನೂ ವಾರ್ಷಿಕ ಸಂಚಿಕೆಯನ್ನೂ ಇನ್ನು ಮೇಲೆ ಈ ಗುರುತಿರುವ ಕಾಗದದಲ್ಲೇ ಅಚ್ಚು ಹಾಕಿಸಬೇಕು ಎಂದು ಒಬ್ಬ ಹುಡುಗಿ ಹೇಳಿದಳು. "ಅದೆಲ್ಲ ಕಂಪನಿಗಳ ನಾಟಕ. ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸರ್ಟಿಫಿಕೇಟು ಸಿಗುತ್ತದೆ" ಎಂದು ಒಬ್ಬ ಹುಡುಗ ಎದ್ದು ನಿಂತ. ಖಜಾಂಚಿಗಳು "ಖರ್ಚು ಎಷ್ಟು ಹೆಚ್ಚಾಗುತ್ತದೆ?" ಎಂದು ಕೇಳಿ, ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ನನ್ನ ಮಟ್ಟಿಗೆ ಮೂವರೂ ಕೇಳಬೇಕಾದ ಮಾತನ್ನೇ ಕೇಳಿದ್ದಾರೆ. ಮುಂದಿನ ಸಭೆಗೆ ನೀವು ಬರಿಗೈಯಲ್ಲಿ ಹೋಗಬಾರದೆಂದು ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಈ ಗುರುತನ್ನು 'ಮೂರನೆಯವರ ಪ್ರಮಾಣಪತ್ರ' ಎನ್ನುತ್ತಾರೆ. ಮೂರನೆಯವರು ಎಂದರೆ ಯಾರು? ನಮ್ಮ ಮನೆಗಳಲ್ಲಿ ಹೆಣ್ಣಿಗೆ ಗಂಡು ನೋಡುವ ಕ್ರಮ ನಿಮಗೆ ಗೊತ್ತೇ ಇದೆ. ಅದರ ಮೇಲೆ ನಿಮಗೆ ಎಷ್ಟೇ ಸಿಟ್ಟಿರಲಿ, ಇವತ್ತು ಅದು ಉಪಯೋಗಕ್ಕೆ ಬರುತ್ತದೆ. ಹುಡುಗನ ತಾಯಿಯನ್ನು ಕೇಳಿದರೆ "ನಮ್ಮ ಮಗ ಅಪರಂಜಿ" ಎನ್ನುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಇದು ಮೊದಲನೆಯವರ ಮಾತು. ಹೆಣ್ಣಿನ ಕಡೆಯವರು ಒಂದು ಭಾನುವಾರ ಹುಡುಗನ ಮನೆಗೆ ಹೋಗಿ, ಉಪ್ಪಿಟ್ಟು ಕೇಸರಿಬಾತು ತಿಂದು, ಮನೆ ನೋಡಿಕೊಂಡು ಬರುತ್ತಾರೆ. ಇದು ಎರಡನೆಯವರ ಪರೀಕ್ಷೆ. ಎರಡು ಗಂಟೆಯಲ್ಲಿ ಎಷ್ಟು ಕಂಡೀತು ಹೇಳಿ! ಆಗ ಅಜ್ಜಿ ಮೆಲ್ಲಗೆ ಕೇಳುತ್ತಾರೆ: "ಅವರ ಬೀದಿಯಲ್ಲಿ ನಮಗೆ ಗೊತ್ತಿದ್ದವರು ಯಾರಾದರೂ ಇದ್ದಾರಾ?" ಸಂಬಂಧ ಕುದುರಿದರೆ ಲಾಭವಿಲ್ಲ, ಮುರಿದರೆ ನಷ್ಟವಿಲ್ಲ, ಅಂಥವರೊಬ್ಬರ ಮಾತು ಅಜ್ಜಿಗೆ ಬೇಕು. ಅವರೇ ಮೂರನೆಯವರು.

ಕಾಡಿನ ವ್ಯವಹಾರದಲ್ಲಿ ಮರ ಕಡಿದು ಮಾರುವವರು ಮೊದಲನೆಯವರು. ಕೊಳ್ಳುವ ಕಾಗದದ ಕಾರ್ಖಾನೆ, ಪೀಠೋಪಕರಣದ ಕಂಪನಿ ಎರಡನೆಯವರು. ಇಬ್ಬರಿಗೂ ವ್ಯಾಪಾರ ನಡೆಯಬೇಕು. "ನಾವು ಕಾಡನ್ನು ಚೆನ್ನಾಗಿ ನೋಡಿಕೊಂಡಿದ್ದೇವೆ" ಎಂದು ಅವರಲ್ಲಿ ಯಾರು ಹೇಳಿದರೂ ಅದು ತಾಯಿಯ ಅಪರಂಜಿಯ ಮಾತೇ. ಹೊರಗಿನಿಂದ ಬಂದು, ಕಾಡಿನೊಳಗೆ ನಡೆದು ನೋಡಿ ಹೇಳುವವರು ಬೇಕು.

ಕಾಲೇಜಿನಲ್ಲಿ ನಾನು ಇಂಗ್ಲಿಷ್ ಸಾಹಿತ್ಯ ಓದಿದವಳು. ಆದರೂ ಈ ವಿಷಯದಲ್ಲಿ ನಮ್ಮ ಕನ್ನಡದ ಪದವೇ ಹೆಚ್ಚು ಹೇಳುತ್ತದೆ ಎನಿಸುತ್ತದೆ. 'ಪ್ರಮಾಣ' ಎಂದರೆ ಆಣೆ. "ಬೇಕಾದರೆ ಧರ್ಮಸ್ಥಳಕ್ಕೆ ಬಂದು ಪ್ರಮಾಣ ಮಾಡುತ್ತೇನೆ" ಎನ್ನುವುದನ್ನು ನೀವು ಊರಿನಲ್ಲಿ ಕೇಳಿರಬಹುದು. ಪ್ರಮಾಣ ಎಂದರೆ ಅಳತೆಯೂ ಹೌದು: ಸಾರಿಗೆ ಉಪ್ಪು ಎಷ್ಟು ಪ್ರಮಾಣ, ಮಳೆ ಎಷ್ಟು ಪ್ರಮಾಣ. ಕಂಪನಿ ತಾನೇ ಹೇಳಿಕೊಳ್ಳುವುದು ಆಣೆ. ಮೂರನೆಯವರು ಬಂದು ನೋಡುವುದು ಅಳತೆ. ಪ್ರಮಾಣಪತ್ರ ಎಂಬ ಕಾಗದದಲ್ಲಿ ಆಣೆ ಎಷ್ಟಿದೆ, ಅಳತೆ ಎಷ್ಟಿದೆ ಎಂದು ಕೇಳುವುದನ್ನು ಕಲಿತರೆ, ಎಫ್.ಎಸ್.ಸಿ. ಒಂದೇ ಅಲ್ಲ, ಯಾವ ಗುರುತು ಬಂದರೂ ನೀವು ಓದಬಲ್ಲಿರಿ.

ಇಷ್ಟೆಲ್ಲ ಏಕೆ ಬೇಕು ಎನ್ನುತ್ತೀರಾ? ಚಿನ್ನವನ್ನು ನೋಡಿ. ನಮ್ಮ ದೇಶದಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ 2000ದಲ್ಲಿ ಬಂತು. 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಯಿತು. ಈಗ ಹಾಲ್‌ಮಾರ್ಕ್ ಇರುವ ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇದೆ. ಆದರೂ ಅನುಮಾನ ಬಂದರೆ ಅಕ್ಕಸಾಲಿಯ ಹತ್ತಿರ ಹೋಗಿ ಒರೆಗಲ್ಲಿಗೆ ತಿಕ್ಕಿಸಬಹುದು. ಚಿನ್ನ ತನ್ನ ಗುಣವನ್ನು ತಾನೇ ಹೇಳುತ್ತದೆ. ಮರಕ್ಕೆ ಆ ಬಾಯಿ ಇಲ್ಲ. ಕಳ್ಳತನದಿಂದ ಕಡಿದ ಮರದ ಕಾಗದವೂ ಬೆಳ್ಳಗೇ ಇರುತ್ತದೆ, ನ್ಯಾಯವಾಗಿ ಕಡಿದ ಮರದ ಕಾಗದವೂ ಬೆಳ್ಳಗೇ ಇರುತ್ತದೆ. ಒಂದನ್ನು ಕಡಿದ ಮೇಲೆ ಕಾಡು ಮತ್ತೆ ಚಿಗುರಿರಬಹುದು, ಇನ್ನೊಂದನ್ನು ಕಡಿದ ಮೇಲೆ ಹೊಳೆ ಬತ್ತಿರಬಹುದು. ಹಾಳೆಯನ್ನು ಎಷ್ಟು ತಿಕ್ಕಿದರೂ ಗೊತ್ತಾಗುವುದಿಲ್ಲ. ಇಲ್ಲಿ ಪರೀಕ್ಷೆ ಮಾಡಬೇಕಾದದ್ದು ವಸ್ತುವನ್ನಲ್ಲ, ನಡತೆಯನ್ನು. ನಡತೆಯನ್ನು ಅದು ನಡೆಯುವ ಜಾಗದಲ್ಲೇ, ನಡೆಯುವ ಕಾಲದಲ್ಲೇ ನೋಡಬೇಕು.

ಈ ಏರ್ಪಾಡು ಹುಟ್ಟಿದ ಕತೆ ಕೇಳಿ. 1980ರ ದಶಕದಲ್ಲಿ ಉಷ್ಣವಲಯದ ಮಳೆಕಾಡುಗಳು ನಾಶವಾಗುತ್ತಿರುವ ಸುದ್ದಿ ಯುರೋಪು, ಅಮೆರಿಕಗಳ ಮನೆ ಮನೆಗೆ ತಲುಪಿತು. "ಉಷ್ಣವಲಯದ ಮರವನ್ನೇ ಕೊಳ್ಳಬೇಡಿ" ಎಂಬ ಬಹಿಷ್ಕಾರ ಎದ್ದಿತು. ಆದರೆ ಮರಕ್ಕೆ ಬೆಲೆಯೇ ಇಲ್ಲದಿದ್ದರೆ ಕಾಡಿದ್ದ ನೆಲವನ್ನು ಸವರಿ ದನಗಳ ಹುಲ್ಲುಗಾವಲನ್ನೋ ಹೊಲವನ್ನೋ ಮಾಡುತ್ತಾರೆ, ಆಗ ಕಾಡಿಗೆ ಇನ್ನೂ ಕೇಡು, ಎಂಬ ವಾದವೂ ಜೊತೆಗೇ ಬಂತು. 1992ರಲ್ಲಿ ರಿಯೋ ಡಿ ಜನೈರೋದಲ್ಲಿ ಜಗತ್ತಿನ ಸರಕಾರಗಳು ಭೂ ಶೃಂಗಸಭೆಗೆ ಸೇರಿದವು. ಕಾಡಿನ ವಿಷಯದಲ್ಲಿ ಎಲ್ಲರನ್ನೂ ಕಟ್ಟಿಹಾಕುವ ಒಪ್ಪಂದಕ್ಕೆ ಬರಲು ಅವುಗಳಿಗೆ ಆಗಲಿಲ್ಲ. ಪಾಲಿಸಲೇಬೇಕೆಂಬ ಬಂಧನವಿಲ್ಲದ ಒಂದಷ್ಟು ತತ್ವಗಳನ್ನು ಬರೆದು ಎದ್ದುಹೋದವು. ಮರು ವರ್ಷ, 1993ರ ಅಕ್ಟೋಬರಿನಲ್ಲಿ, ಕೆನಡಾದ ಟೊರಾಂಟೋದಲ್ಲಿ 26 ದೇಶಗಳಿಂದ ಬಂದ 130 ಮಂದಿ ಸೇರಿ ಫಾರೆಸ್ಟ್ ಸ್ಟೂವರ್ಡ್‌ಶಿಪ್ ಕೌನ್ಸಿಲ್, ಅಂದರೆ ಈ ಎಫ್.ಎಸ್.ಸಿ.ಯನ್ನು ಕಟ್ಟಿದರು. ಮೊದಲು ಮೆಕ್ಸಿಕೋದ ಒಹಾಕಾದಲ್ಲಿದ್ದ ಅದರ ಕೇಂದ್ರ ಕಚೇರಿ 2003ರಲ್ಲಿ ಜರ್ಮನಿಯ ಬಾನ್ ನಗರಕ್ಕೆ ಬಂತು.

ಅವರು ಮಾಡಿದ ಒಂದು ಜಾಣತನವನ್ನು ಸಂಘ-ಸಂಸ್ಥೆ ನಡೆಸುವ ಯಾರಾದರೂ ಗಮನಿಸಬೇಕು. ಸದಸ್ಯರನ್ನು ಮೂರು ಮನೆಗಳಾಗಿ ಮಾಡಿದರು. ಒಂದರಲ್ಲಿ ಮರದ ವ್ಯಾಪಾರದವರು, ಇನ್ನೊಂದರಲ್ಲಿ ಪರಿಸರದವರು, ಮೂರನೆಯದರಲ್ಲಿ ಕಾಡಿನ ಜನರ ಮತ್ತು ಕೂಲಿಕಾರರ ಪರವಾಗಿ ಮಾತಾಡುವವರು. ಮೂರಕ್ಕೂ ಸಮ ತೂಕದ ಮತ. ಪ್ರತಿ ಮನೆಯೊಳಗೆ ಶ್ರೀಮಂತ ದೇಶಗಳಿಗೆ ಅರ್ಧ, ಬಡ ದೇಶಗಳಿಗೆ ಅರ್ಧ. ದುಡ್ಡಿದ್ದವರು ಹೆಚ್ಚು ಸದಸ್ಯರನ್ನು ತುಂಬಿ ಗೆಲ್ಲುವ ದಾರಿಯನ್ನು ಹೀಗೆ ಮುಚ್ಚಿದರು.

ಈ ಸಂಸ್ಥೆ ಬರೆದಿರುವ ತತ್ವಗಳು ಹತ್ತು. ದೇಶದ ಕಾನೂನನ್ನು ಪಾಲಿಸಬೇಕು, ಕೂಲಿಯವರ ಹಕ್ಕು ಕಾಯಬೇಕು, ಮೂಲನಿವಾಸಿಗಳ ಒಪ್ಪಿಗೆಯನ್ನು ಬಲವಂತವಿಲ್ಲದೆ ಮುಂಚೆಯೇ ಪಡೆಯಬೇಕು, ಸುತ್ತಲಿನ ಊರಿಗೆ ಒಳಿತಾಗಬೇಕು, ನೀರು-ಮಣ್ಣು-ಪ್ರಾಣಿಗಳಿಗೆ ಹಾನಿಯಾಗಬಾರದು, ಅಪರೂಪದ ಕಾಡನ್ನು ವಿಶೇಷವಾಗಿ ಕಾಪಾಡಬೇಕು, ಎಲ್ಲಕ್ಕೂ ಯೋಜನೆ ಬರೆದಿಡಬೇಕು, ಹೀಗೆ ಸಾಗುತ್ತವೆ. ಪರೀಕ್ಷೆ ಮಾಡುವವರು ಮಾತ್ರ ಎಫ್.ಎಸ್.ಸಿ.ಯವರಲ್ಲ. ಅದಕ್ಕೆ ಬೇರೆ ಸಂಸ್ಥೆಗಳಿವೆ, ಆ ಸಂಸ್ಥೆಗಳ ಮೇಲೆ ಕಣ್ಣಿಡಲು ಇನ್ನೊಂದಿದೆ. ಪರೀಕ್ಷಕರು ಕಡತ ನೋಡುತ್ತಾರೆ, ಕಾಡಿನಲ್ಲಿ ನಡೆಯುತ್ತಾರೆ, ಕೂಲಿಕಾರರನ್ನೂ ಹಳ್ಳಿಯವರನ್ನೂ ಮಾತಾಡಿಸುತ್ತಾರೆ. ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಸ್ಸು; ನಡುವೆ ವರ್ಷಕ್ಕೊಮ್ಮೆ ತಪಾಸಣೆ. ದೊಡ್ಡ ತಪ್ಪನ್ನು ಕೊಟ್ಟ ಗಡುವಿನೊಳಗೆ ತಿದ್ದಿಕೊಳ್ಳದಿದ್ದರೆ ಪತ್ರವನ್ನು ಅಮಾನತು ಮಾಡುತ್ತಾರೆ. ಕಾಡಿನ ತಪಾಸಣೆಯ ಸಾರಾಂಶವನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸುತ್ತಾರೆ.

ಕಾಡಿನಲ್ಲಿ ಸರಿಯಾಗಿದ್ದರೆ ಸಾಲದು. ನೀವು ಒಳ್ಳೆಯ ಗೋಧಿಯನ್ನು ಆರಿಸಿ, ಒಣಗಿಸಿ ಗಿರಣಿಗೆ ಕೊಟ್ಟಿರಿ ಎನ್ನಿ. ಗಿರಣಿಯವನು ಅದನ್ನು ಇನ್ನೊಬ್ಬರ ಹುಳುಕು ಗೋಧಿಯ ಜೊತೆ ಸುರಿದುಬಿಟ್ಟರೆ? ಮರವೂ ಹಾಗೆಯೇ ಗರಗಸದ ಮಿಲ್ಲು, ತಿರುಳಿನ ಕಾರ್ಖಾನೆ, ಕಾಗದದ ಸಗಟು ವ್ಯಾಪಾರಿ, ಅಚ್ಚಿನ ಮನೆ, ಹೀಗೆ ಕೈಯಿಂದ ಕೈಗೆ ದಾಟುತ್ತದೆ. ಆದ್ದರಿಂದ ಪ್ರತಿಯೊಂದು ಕೈಗೂ ಬೇರೆ ಪ್ರಮಾಣಪತ್ರ ಬೇಕು. ನಡುವೆ ಒಂದು ಕೊಂಡಿ ತಪ್ಪಿದರೆ ಕೊನೆಯ ವಸ್ತುವಿನ ಮೇಲೆ ಗುರುತು ಹಾಕುವಂತಿಲ್ಲ.

ಈಗ ಆ ಪುಟ್ಟ ಮರವನ್ನು ಓದೋಣ. ಅದರ ಜೊತೆ ಮೂರು ಮಾತುಗಳಲ್ಲಿ ಒಂದು ಇರುತ್ತದೆ. 'ನೂರು ಪ್ರತಿಶತ' ಎಂದಿದ್ದರೆ ಮರವೆಲ್ಲ ಪರೀಕ್ಷೆಯಾದ ಕಾಡಿನದು. 'ರೀಸೈಕಲ್ಡ್' ಎಂದಿದ್ದರೆ ಬಳಸಿದ್ದನ್ನೇ ಮರಳಿ ಬಳಸಿದ್ದು. 'ಮಿಕ್ಸ್' ಎಂದಿದ್ದರೆ ಬೆರಕೆ: ಪರೀಕ್ಷೆಯಾದ ಕಾಡಿನದು, ಮರುಬಳಕೆಯದು, ಜೊತೆಗೆ 'ನಿಯಂತ್ರಿತ' ಎಂಬ ಮರ. ನಿಯಂತ್ರಿತ ಎಂದರೆ ಪೂರ್ತಿ ಪರೀಕ್ಷೆಯಾಗದಿದ್ದರೂ ಕಳ್ಳ ಕಡಿತದ್ದಲ್ಲ, ಜನರ ಹಕ್ಕು ತುಳಿದು ತಂದದ್ದಲ್ಲ, ಸಹಜ ಕಾಡನ್ನು ಸವರಿ ಬಂದದ್ದಲ್ಲ ಎಂಬಷ್ಟು ಸೋಸಿದ್ದು. ಗುರುತಿನ ಹತ್ತಿರವೇ 'ಸಿ' ಅಕ್ಷರದ ಮುಂದೆ ಆರು ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ಎಫ್.ಎಸ್.ಸಿ.ಯ ಜಾಲತಾಣದಲ್ಲಿ ಹಾಕಿದರೆ ಯಾವ ಕಂಪನಿಯದು, ಪತ್ರ ಇನ್ನೂ ಜೀವಂತವಾಗಿದೆಯೇ ಎಂಬುದು ಗೊತ್ತಾಗುತ್ತದೆ. ಸಂಖ್ಯೆಯೇ ಇಲ್ಲದೆ ಬರೀ ಹಸಿರು ಎಲೆ, 'ಪರಿಸರಸ್ನೇಹಿ' ಎಂಬ ಮಾತು ಇದ್ದರೆ ಅದು ಆಣೆ ಮಾತ್ರ. ಗುಂಡಗಿನ ಗುರುತಿನಲ್ಲಿ ಎರಡು ಮರಗಳಿರುವ ಇನ್ನೊಂದೂ ಸಿಗಬಹುದು. ಅದು ಪಿ.ಇ.ಎಫ್.ಸಿ.; 1999ರಲ್ಲಿ ಯುರೋಪಿನಲ್ಲಿ ಶುರುವಾಗಿ, ಈಗ ಬೇರೆ ಬೇರೆ ದೇಶಗಳ ಸ್ವಂತ ಪದ್ಧತಿಗಳನ್ನು ಪರಿಶೀಲಿಸಿ ಒಪ್ಪಿಕೊಳ್ಳುತ್ತದೆ.

ನಿಮ್ಮಲ್ಲಿ ಹಲವರು ಬಾಲ್ಯದಲ್ಲಿ ಹ್ಯಾರಿ ಪಾಟರ್ ಓದಿ ನಿದ್ದೆಗೆಟ್ಟವರು. 2007ರಲ್ಲಿ ಆ ಸರಣಿಯ ಕೊನೆಯ ಪುಸ್ತಕದ ಅಮೆರಿಕದ ಆವೃತ್ತಿಗೆ ಬಳಸಿದ ಕಾಗದದಲ್ಲಿ ಶೇಕಡಾ 65ರಷ್ಟು ಎಫ್.ಎಸ್.ಸಿ. ಗುರುತಿನದಾಗಿತ್ತು. ಕೊಳ್ಳುವವರು ಕೇಳಿದರೆ ದೊಡ್ಡ ಕಾರ್ಖಾನೆಗಳೂ ದಾರಿ ಬದಲಿಸುತ್ತವೆ ಎನ್ನುವುದಕ್ಕೆ ಇದೊಂದು ಉದಾಹರಣೆ.

ಇನ್ನು ಎದ್ದು ನಿಂತ ಹುಡುಗನ ಮಾತಿಗೆ ಬರುತ್ತೇನೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪರೀಕ್ಷೆಗೆ ಬರುವವರ ಶುಲ್ಕವನ್ನು ಕೊಡುವುದು ಪರೀಕ್ಷೆಗೆ ಒಳಗಾಗುವ ಕಂಪನಿಯೇ. ಹುಡುಗನ ಮನೆಯವರಿಂದಲೇ ದಲ್ಲಾಳಿ ದುಡ್ಡು ಪಡೆದವರನ್ನು ಹುಡುಗನ ಗುಣ ಕೇಳಿದ ಹಾಗೆ! 2020ರಲ್ಲಿ ಲಂಡನ್ನಿನ ಅರ್ಥ್‌ಸೈಟ್ ಎಂಬ ಸಂಸ್ಥೆ ಉಕ್ರೇನಿನ ಕಾರ್ಪೇಥಿಯನ್ ಬೆಟ್ಟಗಳ ಬಗ್ಗೆ ಒಂದು ವರದಿ ಹೊರತಂದಿತು. ವಸಂತದಲ್ಲಿ ಕಾಡುಪ್ರಾಣಿಗಳು ಮರಿ ಹಾಕುವ ಸಮಯದಲ್ಲಿ, ಕಡಿಯಬಾರದೆಂಬ ನಿಯಮವಿದ್ದಾಗಲೇ ಅಲ್ಲಿ ಮರ ಕಡಿದಿದ್ದಾರೆ, ಆ ಕಾಡಿಗೆ ಎಫ್.ಎಸ್.ಸಿ. ಪತ್ರವೂ ಇತ್ತು, ಎಂದು ಅದು ಆರೋಪಿಸಿತು. ಅದಕ್ಕೂ ಮೊದಲು, 2018ರಲ್ಲಿ, ಗ್ರೀನ್‌ಪೀಸ್ ಇಂಟರ್‌ನ್ಯಾಷನಲ್ ತನ್ನ ಸದಸ್ಯತ್ವವನ್ನು ಮುಂದುವರಿಸದೆ ಹೊರಬಂದಿತ್ತು. ಸಹಜ ಕಾಡು ಸವರಿ 1994ರ ನವೆಂಬರಿನ ನಂತರ ಬೆಳೆಸಿದ ನೆಡುತೋಪುಗಳಿಗೆ ಪ್ರಮಾಣಪತ್ರ ಕೊಡಬಾರದೆಂಬ ಗೆರೆಯನ್ನು ಮೊದಲು ಎಳೆದಿದ್ದರು. 2022ರಲ್ಲಿ ಬಾಲಿಯಲ್ಲಿ ನಡೆದ ಮಹಾಸಭೆಯಲ್ಲಿ ಸದಸ್ಯರು ಆ ಗೆರೆಯನ್ನು 2020ರ ಕೊನೆಗೆ ಸರಿಸಲು ಮತ ಹಾಕಿದರು. ಮಾಡಿದ ಹಾನಿಗೆ ಪರಿಹಾರ ಮಾಡಿಕೊಡಬೇಕೆಂಬ ಷರತ್ತೂ ಜೊತೆಗಿದೆ. ತಪ್ಪು ಮಾಡಿದವರಿಗೆ ತಿದ್ದಿಕೊಳ್ಳಲು ದಾರಿಯಾಯಿತು ಎಂದು ಕೆಲವರು, ತಪ್ಪಿಗೆ ಬಹುಮಾನ ಸಿಕ್ಕಿತು ಎಂದು ಕೆಲವರು.

ಹಾಗಾದರೆ ಗುರುತನ್ನು ಬಿಸಾಡೋಣವೇ? ಬೇಡ. ಉಕ್ರೇನಿನ ವಿಷಯವನ್ನು ಹಿಡಿದವರು ಎತ್ತಿ ತೋರಿಸಲು ಆಧಾರವಾದದ್ದು ಏನು? ಅಲ್ಲಿ ಬರೆದಿಟ್ಟ ನಿಯಮವಿತ್ತು, ಪತ್ರ ಯಾರದೆಂಬ ದಾಖಲೆಯಿತ್ತು. ಮಾತು ಕೊಟ್ಟವರನ್ನು ಮಾತಿಗೆ ಹಿಡಿಯಬಹುದು. ಯಾವ ಮಾತನ್ನೂ ಕೊಡದವರನ್ನು ಎಲ್ಲಿ ಹಿಡಿಯುತ್ತೀರಿ? ಗುರುತು ಇರುವ ಕಾಗದ ತಪ್ಪೇ ಮಾಡಿಲ್ಲ ಎಂದಲ್ಲ. ತಪ್ಪಾದರೆ ಕೇಳಲು ಒಂದು ಬಾಗಿಲು ಇದೆ ಎಂದಷ್ಟೇ. ಅಷ್ಟಕ್ಕೇ ಅದಕ್ಕೆ ಬೆಲೆ ಇದೆ, ಅಷ್ಟೇ ಅದರ ಬೆಲೆ.

ಆದ್ದರಿಂದ ಆಮಂತ್ರಣದ ವಿಷಯದಲ್ಲಿ ನನ್ನ ಸಲಹೆ ಹೀಗೆ. ಮೊದಲು ಪ್ರತಿಗಳನ್ನು ಕಡಿಮೆ ಮಾಡಿ. ಫೋನಿನಲ್ಲೇ ಸಾಕೆನ್ನುವವರಿಗೆ ಫೋನಿಗೆ ಕಳಿಸಿ. ಕಾಗದ ಕೈಗೆ ಬಂದರೇ ಕರೆದಂತೆ ಎನ್ನುವ ಹಿರಿಯರಿಗೆ ಮಾತ್ರ ಅಚ್ಚು ಮಾಡಿಸಿ. ಅಚ್ಚಿನವರ ಹತ್ತಿರ ಹೋದಾಗ, ಕಾಗದ ಗುರುತಿನದೇ ಎಂಬುದರ ಜೊತೆಗೆ ಅವರ ಅಚ್ಚಿನ ಮನೆಗೂ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಒಳ್ಳೆಯ ಕಾಗದ ಕೊಂಡರೂ ನಮ್ಮ ಪತ್ರಿಕೆಯ ಮೇಲೆ ಆ ಮರದ ಚಿತ್ರ ಹಾಕುವಂತಿಲ್ಲ. ಹಾಕಿದರೆ ಅದು ಸುಳ್ಳು ಪ್ರಮಾಣವೇ. ಬಿಲ್ಲಿನ ಮೇಲೆ 'ಮಿಕ್ಸ್' ಎಂದೋ 'ರೀಸೈಕಲ್ಡ್' ಎಂದೋ ಬರೆದಿದೆಯೇ, ಪ್ರಮಾಣಪತ್ರದ ಸಂಖ್ಯೆ ಇದೆಯೇ ನೋಡಿ. ಮರುಬಳಕೆಯ ಕಾಗದ ಸಿಕ್ಕರೆ ಅದನ್ನೇ ಆರಿಸಿ. ಎರಡು ಕಡೆ ದರ ಕೇಳಿ ಲೆಕ್ಕವನ್ನು ಖಜಾಂಚಿಗಳ ಮುಂದಿಡಿ. ಪ್ರತಿ ಕಡಿಮೆಯಾದಾಗ ಉಳಿಯುವ ಹಣವನ್ನೂ ಅದರಲ್ಲಿ ಸೇರಿಸಿ ಹೇಳಿ, ಮರೆಯಬೇಡಿ!

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಪರೀಕ್ಷಕರು ವರ್ಷಕ್ಕೆ ಕೆಲವು ದಿನ ಕಾಡಿಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಕಾಡನ್ನು ನೋಡುವವರು ಅದರ ಪಕ್ಕದ ಊರಿನವರು. ಇದನ್ನು ನಮ್ಮ ನಾಡಿನವರು ಜಗತ್ತಿಗೆ ತೋರಿಸಿಕೊಟ್ಟಿದ್ದಾರೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಬೇಕಿದ್ದ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. ಅಲ್ಲಿ ಕಡಿತ ಸರಕಾರದ ಅನುಮತಿಯಿಂದಲೇ ನಡೆದಿತ್ತು. ಕಾಗದದ ಮೇಲೆ ಎಲ್ಲ ಸರಿ, ಕಾಡಿನಲ್ಲಿ ಸರಿಯಿಲ್ಲ ಎಂದು ಕಂಡವರು ಹಳ್ಳಿಯವರು. ಅವರ ಘೋಷಣೆ ಮೂರೇ ಪದ: ಉಳಿಸು, ಬೆಳೆಸು, ಬಳಸು. ಕಾಡನ್ನು ಮುಟ್ಟಲೇಬೇಡಿ ಎಂದು ಅವರು ಹೇಳಲಿಲ್ಲ, ಗಮನಿಸಿ. ಟೊರಾಂಟೋದ ಸಭೆಗೆ ಹತ್ತು ವರ್ಷ ಮೊದಲೇ ಅದರ ಸಾರವನ್ನೆಲ್ಲ ಮೂರು ಕ್ರಿಯಾಪದದಲ್ಲಿ ಹೇಳಿ ಮುಗಿಸಿದ್ದರು.

1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿಗೆ ಸೇರಿರುವ ಕುಸನೂರಿನಲ್ಲಿ ಜನ ಇನ್ನೊಂದು ಪಾಠ ಹೇಳಿದರು. ದನ ಮೇಯಿಸುವ, ಸೌದೆ ತರುವ ಊರ ನೆಲದಲ್ಲಿ ಕಾರ್ಖಾನೆಯ ತಿರುಳಿಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. ಆ ಸತ್ಯಾಗ್ರಹಕ್ಕೆ 'ಕಿತ್ತಿಕೋ ಹಚ್ಚಿಕೋ' ಎಂದೇ ಹೆಸರು. ಸಾಲಾಗಿ ನಿಂತ ಮರಗಳೆಲ್ಲ ಕಾಡಲ್ಲ, ಹಸಿರು ಕಂಡದ್ದೆಲ್ಲ ಊರಿಗೆ ಒಳಿತಲ್ಲ ಎಂದು ಅವರು ಹೇಳಿದ್ದು ಇವತ್ತಿಗೂ ಎಲ್ಲ ಪ್ರಮಾಣಪತ್ರಗಳ ಮುಂದೆ ಕೇಳಬೇಕಾದ ಪ್ರಶ್ನೆ. ಅಂಥ ಊರಿನವರ ದೂರನ್ನು ಕಿವಿಗೊಟ್ಟು ಕೇಳುವ ಪರೀಕ್ಷೆಯೇ ನಿಜವಾದ ಪರೀಕ್ಷೆ.

ನಮ್ಮ ದೇಶದಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದ ನಂತರ, ಕೇಂದ್ರ ಸರಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನ ಮರ ಕಡಿಯುವಂತಿಲ್ಲ. ಕಾರ್ಖಾನೆಗಳಿಗೆ ಹೋಗುವ ಮರದ ಬಹುಪಾಲು ಬರುವುದು ರೈತರ ಹೊಲ, ಬದು, ತೋಟಗಳಿಂದ. 2023ರ ಡಿಸೆಂಬರಿನಲ್ಲಿ ಕೇಂದ್ರದ ಪರಿಸರ ಸಚಿವಾಲಯ ನಮ್ಮದೇ ಆದ ಕಾಡು ಮತ್ತು ಮರದ ಪ್ರಮಾಣೀಕರಣ ಯೋಜನೆಯನ್ನು ಹೊರಡಿಸಿದಾಗ, ಕಾಡಿನ ಹೊರಗಿನ ಇಂಥ ಮರಗಳನ್ನೂ ಅದರಲ್ಲಿ ಸೇರಿಸಿತು. ಅದನ್ನು ನಡೆಸುವ ಹೊಣೆ ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಯದು. ಅಂದರೆ ನಾಳೆ ಈ ಪ್ರಶ್ನೆ ಕೊಡಗಿನಲ್ಲಿರುವ ನಿಮ್ಮ ದೊಡ್ಡಪ್ಪನ ಕಾಫಿ ತೋಟದ ಸಿಲ್ವರ್ ಓಕ್ ಮರದ ಬುಡಕ್ಕೂ ಬರಬಹುದು. ಒಬ್ಬೊಬ್ಬ ಸಣ್ಣ ಬೆಳೆಗಾರನಿಗೆ ಪರೀಕ್ಷೆಯ ಖರ್ಚು ಭಾರ. ಹತ್ತಾರು ಮಂದಿ ಗುಂಪಾಗಿ ಒಂದೇ ಪತ್ರ ಪಡೆಯುವ ದಾರಿ ಈ ಪದ್ಧತಿಗಳಲ್ಲಿದೆ. ಕಂಪ್ಯೂಟರು, ಇಂಗ್ಲಿಷು ಎರಡೂ ಬಲ್ಲ ನೀವು ಅಂಥ ಕಡೆ ಕುಳಿತು ಒಂದು ಅರ್ಜಿ ಓದಿ ಹೇಳಿದರೂ ದೊಡ್ಡ ಸಹಾಯವಾದೀತು.

ಈ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ: ಹತ್ತಿರದ ಕಾಡು ಮೂವತ್ತು ವರ್ಷದ ಹಿಂದೆ ಎಲ್ಲಿಯವರೆಗೆ ಇತ್ತು? ಆ ಹಳ್ಳದಲ್ಲಿ ನೀರು ಯಾವ ತಿಂಗಳವರೆಗೆ ಹರಿಯುತ್ತಿತ್ತು? ಉತ್ತರವನ್ನು ಬರೆದುಕೊಂಡು ಬನ್ನಿ. ಕನ್ನಡದಲ್ಲಿ ಬರೆಯಿರಿ, ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಚೆನ್ನಾಗಿರುವ ನಾಲ್ಕನ್ನು ಈ ಅಂಕಣದಲ್ಲೇ ಹಾಕೋಣ. ಮುಂದಿನ ತಿಂಗಳು ಮತ್ತೆ ಸಿಗೋಣ.